ಹಳೆಯ ದುರ್ಬೀನು ಕೊಳ್ಳುವವರಿಗೆ



ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಅಂದರೆ ನೀಲಮ್ಮನ ಊರು. ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ಜಾಗವೆಂದು ಜನ ಕೃಷ್ಣೆಯ ದಂಡೆಯ ಆ ಗುಡಿಗೆ ನಡೆದುಕೊಳ್ಳುತ್ತಾರೆ. ಶರಣ ಹಡಪದ ಅಪ್ಪಣ್ಣನ ನೆನಪೂ ಅಲ್ಲೇ ಇದೆ. ಕೂಡಲಸಂಗಮಕ್ಕೆ ಬಂದವರು ಹೊಳೆ ದಾಟಿ ಇಲ್ಲಿಗೂ ಬಂದು ಕೈಮುಗಿದು ಸಂಜೆಯೊಳಗೆ ಹಿಂದಿರುಗುತ್ತಾರೆ. ನಾನು ಇವತ್ತು ಮಾತಾಡುವುದು ಅವರು ಹಿಂದಿರುಗಿದ ಮೇಲೆ ಅಲ್ಲಿ ಕಾಣುವ ಆಕಾಶದ ಬಗ್ಗೆ, ಮತ್ತು ಆ ಆಕಾಶವನ್ನು ನೋಡಲು ಕಡಿಮೆ ದುಡ್ಡಿನಲ್ಲಿ ಒಂದು ಹಳೆಯ ದುರ್ಬೀನನ್ನು ಆರಿಸಿಕೊಳ್ಳುವ ಬಗ್ಗೆ.

ದುರ್ಬೀನಿನ ಬೆಲೆಯ ಮಾತು ಬಂದಾಗ ಜನ ಗಾಜು-ಕೊಳವೆಗಳ ಬೆಲೆಯನ್ನಷ್ಟೇ ಲೆಕ್ಕ ಹಾಕುತ್ತಾರೆ. ಕತ್ತಲೆಗೂ ಬೆಲೆ ಇದೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ರೂಪಾಯಿಯ ಉಪಕರಣ ಇಟ್ಟುಕೊಂಡವರು ಅಮಾವಾಸ್ಯೆ ಬಂತೆಂದರೆ ಅದನ್ನು ಕಾರಿನಲ್ಲಿ ಹೇರಿಕೊಂಡು, ಊರಿನ ಬೆಳಕು ದಾಟುವವರೆಗೆ ಗಂಟೆಗಟ್ಟಲೆ ಓಡಿಸುತ್ತಾರೆ. ನಮ್ಮ ಕಡೆ ಮಾಳಿಗೆ ಹತ್ತಿದರೆ ಸಾಕು. ಮಳೆ ಕಡಿಮೆ ಬೀಳುವ ಸೀಮೆ ಎಂದು ನಾವು ಮರುಗುತ್ತೇವೆ, ಮರುಗಬೇಕಾದದ್ದೇ. ಆದರೆ ಹಿಂಗಾರಿ ಮುಗಿದ ಮೇಲೆ ಬೇಸಿಗೆಯವರೆಗೆ ತಿಂಗಳಾನುಗಟ್ಟಲೆ ಮೋಡವಿಲ್ಲದ ರಾತ್ರಿ ಸಿಗುವುದೂ ಅದೇ ಸೀಮೆಯಲ್ಲಿ. ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿರುವವರಿಗೆ ಈ ವಿದ್ಯೆಯಲ್ಲಿ ದುಬಾರಿಯಾದ ಭಾಗ ಪುಕ್ಕಟೆಯಾಗಿಯೇ ದೊರಕಿದೆ. ಉಳಿದ ಭಾಗಕ್ಕೆ ಹೆಚ್ಚು ಸುರಿಯಬೇಕಾಗಿಲ್ಲ.

ಆದರೂ ಒಂದು ಹಂಗಾಮು ತಡೆಯಿರಿ ಎನ್ನುತ್ತೇನೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರಿಗೆ ನಕ್ಷತ್ರಗಳ ಹೆಸರು ಹೊಸದಲ್ಲ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬಿ, ಉತ್ತರಿ, ಹಸ್ತ ಎಂದು ಮಳೆಯ ಲೆಕ್ಕದಲ್ಲಿ ಎಲ್ಲವೂ ಬಾಯಿಪಾಠ. ಆದರೆ ರೋಹಿಣಿ ಮಳೆಯ ದಿನ ರೋಹಿಣಿ ನಕ್ಷತ್ರವನ್ನು ತೋರಿಸಿ ಅಂದರೆ ಯಾರಿಂದಲೂ ಆಗದು. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಸೂರ್ಯ ಆ ನಕ್ಷತ್ರದ ನೆರೆಯಲ್ಲೇ ಇರುತ್ತಾನೆ. ಅದಕ್ಕೇ ಅದು ರೋಹಿಣಿ ಮಳೆ. ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆ ಮುಳುಗುವ ಚುಕ್ಕಿ ಕಾಣುವುದಾದರೂ ಹೇಗೆ? ಆರು ತಿಂಗಳು ಕಾಯಬೇಕು. ಬಿಳಿಜೋಳ ಎದ್ದು ನಿಲ್ಲುವ ಡಿಸೆಂಬರಿನ ಹೊತ್ತಿಗೆ ಅದು ಕತ್ತಲಾಗುತ್ತಲೇ ಮೂಡಣದಲ್ಲಿ ಕೆಂಪಗೆ ಮೇಲೆದ್ದಿರುತ್ತದೆ. ಅದರ ಮೇಲ್ಗಡೆ ಕೃತ್ತಿಕೆಯ ಗೊಂಚಲು, ಹಿಂದೆಯೇ ಮಿರಗ ಮತ್ತು ಆರಿದ್ರಾ. ಪುಷ್ಯ ಕಾಣಬೇಕಾದರೆ ಫೆಬ್ರವರಿ, ಮಾರ್ಚ್ ಸಂಜೆ. ಮಳೆಯ ಪಟ್ಟಿ ಗೊತ್ತಿದ್ದವರು ಆ ಪಟ್ಟಿಯನ್ನು ಆಕಾಶದಲ್ಲಿ ಗುರುತಿಸುವುದನ್ನು ಮೊದಲು ಕಲಿಯಲಿ. ಜಿ.ಟಿ. ನಾರಾಯಣರಾಯರಂಥವರು ಬರಿಗಣ್ಣಿನಿಂದ ನಕ್ಷತ್ರ ನೋಡುವುದನ್ನು ಕನ್ನಡದಲ್ಲೇ ಬರೆದು ಕಲಿಸಿದ್ದಾರೆ, ತಾಲ್ಲೂಕು ಗ್ರಂಥಾಲಯದಲ್ಲಿ ಕೇಳಿ ನೋಡಿ. ಬರಿಗಣ್ಣಿಗೆ ದಾರಿ ಗೊತ್ತಿಲ್ಲದಿದ್ದರೆ ದುರ್ಬೀನಿಗೂ ಗೊತ್ತಾಗುವುದಿಲ್ಲ. ಅದು ತೋರಿಸುವುದು ಆಕಾಶದ ಒಂದು ಚೂರನ್ನು ಮಾತ್ರ.

ಹಳೆಯ ಬೈನಾಕ್ಯುಲರ್ ಸಿಕ್ಕರೆ, ಅದೂ 7×50 ಅಥವಾ 10×50 ಎಂದು ಬರೆದದ್ದು ಸಿಕ್ಕರೆ, ಕಣ್ಣುಮುಚ್ಚಿಕೊಂಡು ಅದನ್ನೇ ಮೊದಲು ಕೊಳ್ಳಬಹುದು. ಅಲ್ಲ, ಕಣ್ಣು ತೆರೆದೇ ಕೊಳ್ಳಿ. ಒಂದು ಕಣ್ಣಿಗೆ ಕಂಡ ವಿದ್ಯುತ್ ಕಂಬ ಇನ್ನೊಂದು ಕಣ್ಣಿಗೆ ಅದೇ ಜಾಗದಲ್ಲಿ ಕಾಣದೆ ಎರಡಾಗಿ ಕಂಡರೆ ಅದು ಎಲ್ಲೋ ಬಿದ್ದು ಬಂದದ್ದು, ಬಿಟ್ಟುಬಿಡಿ.

ಇನ್ನು ದುರ್ಬೀನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಲ್ಲಿ ಕೆಲಸ ಮಾಡುತ್ತಾನೆ. ಒಂದು ರಾತ್ರಿ ಫೋನ್ ಮಾಡಿದ.

“ಸರ್, ಇಲ್ಲೊಬ್ರು ದುರ್ಬೀನು ಮಾರಾಕ ಇಟ್ಟಾರ್ರಿ. ಐನೂರಾ ಇಪ್ಪತ್ತೈದು ಪಟ್ಟು ದೊಡ್ಡದ ಮಾಡಿ ತೋರಸ್ತೈತಂತ್ರಿ. ತಗೊಳ್ಳಲೇನ್ರಿ?”

“ಅದರ ಬಾಯಿ ಎಷ್ಟು ಅಗಲ ಐತಪಾ?”

“ಅದನ್ನ ಕೇಳಿಲ್ರಿ.”

“ಮೊದಲ ಅದನ್ನ ಕೇಳು.”

ಅಳೆದು ಹೇಳಿದ, 60 ಮಿಲಿಮೀಟರ್. ಕೊಳವೆಯ ಮೇಲೆ ಸಂಗಮದೂರ, ಅಂದರೆ ಗಾಜಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ, 700 ಮಿಲಿಮೀಟರ್ ಎಂದು ಬರೆದಿತ್ತು. ಅಲ್ಲಿಗೆ ಆ ಐನೂರ ಇಪ್ಪತ್ತೈದರ ಲೆಕ್ಕ ತಿಳಿಯಿತು. ದುರ್ಬೀನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದು ಒಂದು ಭಾಗಾಕಾರ. ಮುಂದಿನ ಗಾಜಿನ ಸಂಗಮದೂರವನ್ನು ಕಣ್ಣಿಡುವ ಕಡೆಯ ಚಿಕ್ಕ ಗಾಜಿನ, ಅಂದರೆ ಐಪೀಸಿನ, ಸಂಗಮದೂರದಿಂದ ಭಾಗಿಸಬೇಕು. 700ನ್ನು 4 ಮಿಲಿಮೀಟರಿನ ಐಪೀಸಿನಿಂದ ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟು ಮಾಡುವ ಪ್ಲಾಸ್ಟಿಕ್ ಬಾರ್ಲೊ ಮಸೂರ ಸೇರಿಸಿದರೆ 525. ಲೆಕ್ಕ ಸರಿ, ಆದರೆ ಕಣ್ಣಿಟ್ಟರೆ ಕಾಣುವುದು ಮಬ್ಬು ಮಾತ್ರ. ಬಾಯಿಯ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಬಿಂಬ ಚೆನ್ನಾಗಿ ಉಳಿಯುತ್ತದೆ. 60 ಮಿಲಿಮೀಟರಿಗೆ 120, ಅದೂ ಗಾಳಿ ಅಲುಗದ ರಾತ್ರಿ. ಪೆಟ್ಟಿಗೆಯ ಮೇಲೆ ಪಟ್ಟುಗಳ ಸಂಖ್ಯೆಯನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.

ಬಾಯಿಗೆ ಯಾಕೆ ಇಷ್ಟು ಮಹತ್ವ? ಮಳೆಗೆ ಹೊರಗಿಟ್ಟ ಪಾತ್ರೆಯ ಹಾಗೆ, ಬಾಯಿ ಅಗಲವಿದ್ದಷ್ಟೂ ಬೆಳಕು ತುಂಬುತ್ತದೆ. ಕತ್ತಲಿಗೆ ಒಗ್ಗಿದ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ತೆರೆಯುತ್ತದೆ. 70 ಮಿಲಿಮೀಟರಿನ ದುರ್ಬೀನು ಅದರ 100 ಪಟ್ಟು ಬೆಳಕು ಹಿಡಿಯುತ್ತದೆ, 114 ಮಿಲಿಮೀಟರಿನದು ಸುಮಾರು 265 ಪಟ್ಟು. ಹಾಗೆಂದು 60ರದು ಕೀಳಲ್ಲ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟು ದೊಡ್ಡದು ಮಾಡುವ ಕೊಳವೆಯಿಂದ, ಅದರ ಗಾಜು ಇವತ್ತಿನ ಸಾಧಾರಣ 60ರ ಗಾಜಿಗೂ ಸಮವಲ್ಲ. ಶನಿಯ ಉಂಗುರ ಕಾಣಲು 25-30 ಪಟ್ಟು ಸಾಕು. 2025ರ ಮಾರ್ಚಿನಲ್ಲಿ ಆ ಉಂಗುರಗಳು ನಮಗೆ ಅಂಚು ಮಾತ್ರ ತೋರಿಸಿ ನಿಂತಿದ್ದವು. ಇನ್ನು ಮುಂದೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ 2032ರ ಹೊತ್ತಿಗೆ ಪೂರ್ತಿ ತೆರೆದು ಕಾಣುತ್ತವೆ. ಶುರು ಮಾಡುವವರಿಗೆ ಇದು ಒಳ್ಳೆಯ ಕಾಲ.

ಹಳೆಯ ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಎರಡು ಜಾತಿ. ಮುಂದೆ ಮಸೂರ ಇರುವುದು ರಿಫ್ರಾಕ್ಟರ್. ತಳದಲ್ಲಿ ದರ್ಪಣ ಇರುವುದು ರಿಫ್ಲೆಕ್ಟರ್, ನ್ಯೂಟನ್ 1668ರಲ್ಲಿ ಮಾಡಿ ತೋರಿಸಿದ ಬಗೆ. ಮಸೂರದ್ದಕ್ಕೆ ಆರೈಕೆ ಕಡಿಮೆ. ದರ್ಪಣದ್ದು ಅದೇ ದುಡ್ಡಿಗೆ ಹೆಚ್ಚು ಅಗಲದ ಬಾಯಿ ಕೊಡುತ್ತದೆ, ಆದರೆ ದರ್ಪಣಗಳನ್ನು ಆಗಾಗ ಸಾಲಿಗೆ ತರಬೇಕು. ನನ್ನನ್ನು ಕೇಳಿದರೆ, ತುಸು ತಾಳ್ಮೆ ಇದ್ದವರು 114 ಅಥವಾ 130 ಮಿಲಿಮೀಟರಿನ ದರ್ಪಣದ್ದನ್ನೇ ಹುಡುಕಲಿ. ಒಂದು ಎಚ್ಚರಿಕೆ: ಸಂಗಮದೂರ 1000 ಎಂದು ಬರೆದು, ಕೊಳವೆ ಮಾತ್ರ ಅರ್ಧ ಮೀಟರ್ ಉದ್ದವಿದ್ದರೆ ಕೈ ಹಾಕಬೇಡಿ. ಅದರ ಕುತ್ತಿಗೆಯೊಳಗೆ ಇನ್ನೊಂದು ಮಸೂರ ಹುದುಗಿಸಿರುತ್ತಾರೆ. ಅದನ್ನು ಸಾಲಿಗೆ ತರುವುದು ಹೊಸಬರಿಗೆ ಹೋಗಲಿ, ಪಳಗಿದವರಿಗೂ ತಲೆನೋವು.

ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಬ್ಯಾಟರಿ, ಒಂದು ಅಳತೆಪಟ್ಟಿ ಇರಲಿ. ಮೊದಲು ಮುಂದಿನ ಬಾಯಿಯಿಂದ ಒಳಗೆ ಇಣುಕಿ ನೋಡಿ. ಅಗ್ಗದ ಕೆಲವು ಕೊಳವೆಗಳಲ್ಲಿ 50 ಮಿಲಿಮೀಟರಿನ ಗಾಜಿನ ಹಿಂದೆಯೇ ಒಂದು ಕಪ್ಪು ಬಳೆ ಕೂರಿಸಿ, ಬೆಳಕು ಹೋಗುವ ದಾರಿಯನ್ನು ಅರ್ಧಕ್ಕೆ ಇಳಿಸಿರುತ್ತಾರೆ, ಕಳಪೆ ಗಾಜಿನ ದೋಷ ಕಾಣದಿರಲಿ ಎಂದು. ಅನುಮಾನ ಬಂದರೆ ದೂರದ ವಸ್ತುವಿಗೆ ಫೋಕಸ್ ಮಾಡಿದ ಹಾಗೇ ಇಟ್ಟು, ಐಪೀಸಿಗೆ ಬ್ಯಾಟರಿ ಹಿಡಿಯಿರಿ. ಮುಂದಿನ ಬಾಯಿಯ ಹತ್ತಿರ ಒಂದು ಬಿಳಿ ಹಾಳೆ ಹಿಡಿದರೆ ಬೆಳಕಿನ ದುಂಡು ಬೀಳುತ್ತದೆ. ಅದನ್ನು ಅಳತೆಪಟ್ಟಿಯಿಂದ ಅಳೆಯಿರಿ. ಅಷ್ಟೇ ಆ ದುರ್ಬೀನಿನ ನಿಜವಾದ ಬಾಯಿ.

ದರ್ಪಣದ ಮೇಲೆ ಧೂಳು ಕಂಡರೆ ಹಿಂಜರಿಯಬೇಡಿ. ಬ್ಯಾಟರಿ ಹಿಡಿದು ನೋಡಿದರೆ ಎಂಥ ದರ್ಪಣವೂ ಹೊಲಸಾಗಿಯೇ ಕಾಣುತ್ತದೆ, ತೆಳುವಾದ ಧೂಳಿನಿಂದ ಬಿಂಬಕ್ಕೆ ಏನೂ ಆಗುವುದಿಲ್ಲ. ಹೆದರಬೇಕಾದದ್ದು ಒರೆಸಿದ ಗೀರುಗಳಿಗೆ. ಧೋತರದ ಚುಂಗಿನಿಂದ, ಸೀರೆಯ ಸೆರಗಿನಿಂದ ಉಜ್ಜಿದ ದರ್ಪಣದ ಮೇಲೆ ಸುತ್ತುಸುತ್ತಾಗಿ ಕೂದಲೆಳೆಯ ಗೆರೆಗಳಿರುತ್ತವೆ, ಅವು ಹೋಗುವುದಿಲ್ಲ. ದರ್ಪಣದ ಅಲ್ಯೂಮಿನಿಯಂ ಲೇಪ ಅಂಚಿನಿಂದ ಮಾಸಿ ಕಲೆಗಟ್ಟಿದ್ದರೆ ಮತ್ತೆ ಲೇಪ ಹಾಕಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಮಸೂರದಲ್ಲಿ ನೋಡಬೇಕಾದದ್ದು ಬೂಷ್ಟು. ಕರಾವಳಿಯ ಕಡೆಯಿಂದ ಬಂದ ದುರ್ಬೀನಾದರೆ ಇನ್ನೂ ಜಾಗ್ರತೆಯಿಂದ ನೋಡಿ. ಗಾಜಿನೊಳಗೆ ಬೇರುಬೇರಾಗಿ ಹಬ್ಬಿದ ಬಿಳಿ ಎಳೆ ಕಂಡರೆ ಅದು ಗಾಜನ್ನೇ ತಿನ್ನುತ್ತಿದೆ ಎಂದು ತಿಳಿಯಿರಿ.

ಐಪೀಸ್ ಕೂರುವ ತೂತಿನ ಅಗಲವನ್ನೂ ಅಳೆಯಿರಿ. 31.7 ಮಿಲಿಮೀಟರ್, ಅಂದರೆ ಒಂದೂಕಾಲು ಇಂಚು ಇದ್ದರೆ ಇವತ್ತಿನ ಯಾವ ಐಪೀಸಾದರೂ ಕೂರುತ್ತದೆ. 24.5 ಇದ್ದರೆ ಅದು ಹಳೆಯ ಅಳತೆ. ಅದಕ್ಕೆ ಹೊಂದುವ ಒಳ್ಳೆಯ ಐಪೀಸ್ ಸಿಗುವುದು ಕಷ್ಟ. ಜೊತೆಗೆ ಕೊಡುವ 4 ಮಿಲಿಮೀಟರಿನ ಐಪೀಸನ್ನೂ ಬಾರ್ಲೊವನ್ನೂ ಲೆಕ್ಕಕ್ಕೇ ಹಿಡಿಯಬೇಡಿ. ಪ್ಲಾಸಲ್ ಎಂಬ ಬಗೆಯ 25 ಮತ್ತು 10 ಮಿಲಿಮೀಟರಿನ ಎರಡು ಐಪೀಸ್ ಇದ್ದರೆ ವರ್ಷಗಟ್ಟಲೆ ನೋಡುವಷ್ಟಿದೆ.

ಹಗಲಾದರೆ ದೂರದ ಗುಡಿಯ ಕಳಸವನ್ನೋ ಕಂಬದ ಮೇಲಿನ ಪಿಂಗಾಣಿಯನ್ನೋ ನೋಡಿ ಪರೀಕ್ಷಿಸಿ, ಸೂರ್ಯ ಬೆನ್ನ ಹಿಂದಿರಲಿ. ರಾತ್ರಿಯಾದರೆ ಇನ್ನೂ ಒಳ್ಳೆಯದು. ಒಂದು ನಕ್ಷತ್ರ ಹಿಡಿದು ಫೋಕಸನ್ನು ತುಸು ಒಳಗೆ, ಆಮೇಲೆ ತುಸು ಹೊರಗೆ ತಿರುಗಿಸಿ. ಎರಡೂ ಕಡೆ ದುಂಡಾದ, ಒಂದರೊಳಗೊಂದು ಬಳೆಗಳು ಕಂಡರೆ ಗಾಜು ಒಳ್ಳೆಯದು. ಬಳೆಗಳು ಒಂದು ಬದಿಗೆ ಸರಿದಿದ್ದರೆ ಸಾಲಿಗೆ ತರಬೇಕಷ್ಟೆ. ಮುಕ್ಕೋನವಾಗಿಯೋ ಮೊಟ್ಟೆಯಾಗಿಯೋ ಕಂಡರೆ ಗಾಜು ಎಲ್ಲೋ ಬಿಗಿಯಾಗಿ ಸಿಕ್ಕಿಕೊಂಡಿದೆ, ಇಲ್ಲವೇ ಗಾಜೇ ಸರಿಯಿಲ್ಲ.

ಇಷ್ಟೆಲ್ಲ ನೋಡಿದವರೂ ಎಡವುವುದು ಸ್ಟ್ಯಾಂಡಿನಲ್ಲಿ. ಕಡ್ಡಿ ಕಾಲಿನ ಸ್ಟ್ಯಾಂಡಿನ ಮೇಲೆ ಎಂಥ ಗಾಜನ್ನು ಇಟ್ಟರೂ ಕೈ ತಾಗಿದರೆ ಶನಿ ಕುಣಿಯುತ್ತದೆ. 100 ಪಟ್ಟಿನಲ್ಲಿ ನೋಡುವಾಗ ಸಾಧಾರಣ ಐಪೀಸಿಗೆ ಕಾಣುವ ಆಕಾಶ ಅರ್ಧ ಡಿಗ್ರಿ, ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು. ಭೂಮಿ ತಿರುಗುವುದರಿಂದ ಅದನ್ನೊಂದು ಗ್ರಹ ಎರಡು ನಿಮಿಷದಲ್ಲಿ ದಾಟಿಬಿಡುತ್ತದೆ. ಆದ್ದರಿಂದ ಮತ್ತೆ ಮತ್ತೆ ಕೈ ಹಚ್ಚಲೇಬೇಕು, ಪ್ರತಿ ಸಲವೂ ನಡುಗುವ ದುರ್ಬೀನಿನಿಂದ ಮಕ್ಕಳ ಆಸೆ ವಾರದೊಳಗೆ ಇಂಗುತ್ತದೆ. ಕೊಳವೆಯ ತುದಿಗೆ ಬೆರಳಿನಿಂದ ಒಮ್ಮೆ ತಟ್ಟಿ ನೋಡಿ. ಎರಡು-ಮೂರು ಸೆಕೆಂಡಿನಲ್ಲಿ ನಡುಕ ನಿಲ್ಲಬೇಕು.

ತೂಕದ ಗುಂಡು ಜೋತುಬಿಟ್ಟ ಇಕ್ವೆಟೋರಿಯಲ್ ಸ್ಟ್ಯಾಂಡನ್ನು ಕಂಡು ಮನಸೋಲುವವರೂ ಇದ್ದಾರೆ. ಅದರ ಒಂದು ಅಕ್ಷ ಧ್ರುವ ನಕ್ಷತ್ರದ ಕಡೆ ಚಾಚಿರಬೇಕು. ತಂಗಡಗಿಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 16 ಡಿಗ್ರಿ ಮಾತ್ರ ಮೇಲೆ. ಯುರೋಪಿನವರಿಗೆಂದು ಮಾಡಿದ ಕೆಲವು ಸ್ಟ್ಯಾಂಡುಗಳು ಅಷ್ಟು ಕೆಳಕ್ಕೆ ಬಾಗುವುದೇ ಇಲ್ಲ, ಬಾಗಿದರೂ ಗುಂಡು ಕಾಲಿಗೆ ಬಡಿಯುತ್ತದೆ. ಮಾರುವವರ ಎದುರೇ 16 ಡಿಗ್ರಿಗೆ ಇಳಿಸಿ ತಿರುಗಿಸಿ ನೋಡಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯ ದಾರಿ ಬೇರೆ. ಸ್ಟ್ಯಾಂಡ್ ಮುರಿದು ಮೂಲೆ ಸೇರಿದ, ಗಾಜು ಗಟ್ಟಿಯಿರುವ ರಿಫ್ಲೆಕ್ಟರ್ ಕೊಳವೆ ಬಲು ಅಗ್ಗಕ್ಕೆ ಸಿಗುತ್ತದೆ. ಅದನ್ನು ತಂದು ನಮ್ಮೂರ ಬಡಿಗೇರರ ಕೈಯಲ್ಲಿ ಡಾಬ್ಸನ್ ಪೆಟ್ಟಿಗೆ ಮಾಡಿಸುವುದು. ಈ ಹೆಸರಿನ ಹಿಂದೆ ಇರುವವರು ಜಾನ್ ಡಾಬ್ಸನ್. 1915ರಲ್ಲಿ ಪೀಕಿಂಗ್‌ನಲ್ಲಿ ಹುಟ್ಟಿದವರು, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಗೆ, ಅಂದರೆ ನಮ್ಮ ರಾಮಕೃಷ್ಣ ಸಂಪ್ರದಾಯದ ಮಠಕ್ಕೆ ಸೇರಿ ಸಾಧುವಾದವರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜನ್ನು ಉಜ್ಜಿ ಉಜ್ಜಿ ದರ್ಪಣ ಮಾಡಿದರು, ಮರದ ಹಲಗೆಯಲ್ಲಿ ಸ್ಟ್ಯಾಂಡ್ ಮಾಡಿದರು. ದುರ್ಬೀನಿನ ಗೀಳಿನಿಂದಾಗಿ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಗೆಳೆಯರ ಜೊತೆ ಸೇರಿ ಬೀದಿಯ ಫುಟ್‌ಪಾತಿನಲ್ಲಿ ದುರ್ಬೀನು ಇಟ್ಟು ಹೋಗುಬರುವವರಿಗೆಲ್ಲ ಚಂದ್ರನನ್ನು ತೋರಿಸತೊಡಗಿದರು. 2014ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಯಕ. ತಮ್ಮ ಸ್ಟ್ಯಾಂಡಿಗೆ ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರು. ಕಾಯಕ-ದಾಸೋಹದ ನೆಲದಲ್ಲಿ ನಿಂತು ಹೇಳುತ್ತೇನೆ, ಇವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಪೆಟ್ಟಿಗೆ ಮಾಡುವುದು ಹೀಗೆ. ಕೊಳವೆಗೆ ಐಪೀಸನ್ನೂ ಹಾಕಿ, ಒಂದು ದುಂಡು ಕೋಲಿನ ಮೇಲೆ ಅಡ್ಡಡ್ಡ ಇಟ್ಟು ಎರಡೂ ಕಡೆ ತೂಕ ಸಮವಾಗುವ ಜಾಗ ಹುಡುಕಿ ಗುರುತು ಮಾಡಿ. ಅಲ್ಲಿ ಕೊಳವೆಯ ಎರಡು ಮಗ್ಗುಲಿಗೆ ಹಲಗೆಯ ದುಂಡು ಬಿಲ್ಲೆಗಳನ್ನು ಕೂರಿಸಿ. ದಪ್ಪ ಪ್ಲೈವುಡ್ಡಿನಲ್ಲಿ ಮೂರು ಬದಿಯ ಪೆಟ್ಟಿಗೆ ಮಾಡಿಸಿ, ಎರಡು ಪಕ್ಕದ ಹಲಗೆಗಳ ಮೇಲಂಚಿಗೆ ಬಿಲ್ಲೆ ಕೂರುವಂತೆ ಕಚ್ಚು ಕೊರೆಸಿ. ಪೆಟ್ಟಿಗೆಯ ತಳಕ್ಕೆ ಸನ್‌ಮೈಕಾ, ಅದರ ಕೆಳಗಿನ ಪೀಠಕ್ಕೆ ಮೂರು ಟೆಫ್ಲಾನ್ ತುಂಡು, ನಡುವೆ ಒಂದು ಬೋಲ್ಟು. ಬಿಲ್ಲೆಗಳು ಕೂರುವಲ್ಲಿಯೂ ಟೆಫ್ಲಾನ್ ಹಚ್ಚಿದರೆ ಬೆರಳಿನಿಂದ ನೂಕಿದಷ್ಟು ಸರಿದು, ಬಿಟ್ಟಲ್ಲಿ ನಿಲ್ಲುತ್ತದೆ. ಎತ್ತಿನ ಬಂಡಿಯ ಗಾಲಿ ಕೂರಿಸಿದ ಕೈಗಳಿಗೆ ಇದು ಒಂದು ದಿನದ ಕೆಲಸ.

ಎಲ್ಲಿ ಹುಡುಕುವುದು? ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರಿಂದ ಇದೆ, ಹವ್ಯಾಸಿಗಳ ಹಳೆಯ ಸಂಘ. ಬೆಂಗಳೂರಿನಲ್ಲಿಯೂ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ಇಂಥಲ್ಲಿ ಸೇರುವವರು ದೊಡ್ಡದನ್ನು ಕೊಂಡಾಗ ಚಿಕ್ಕದನ್ನು ಮಾರುತ್ತಾರೆ, ಅದರ ಗುಣದೋಷವನ್ನೂ ಮುಚ್ಚಿಡದೆ ಹೇಳುತ್ತಾರೆ. ನಮ್ಮ ಹುಡುಗರು ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿ ಎಷ್ಟೊಂದು ಮಂದಿ ದುಡಿಯುತ್ತಿದ್ದಾರೆ. ಅವರಿಗೆ ಹೇಳಿ, ಕಣ್ಣಾರೆ ನೋಡಿಸಿ, ರೈಲಿನಲ್ಲಿ ಆಲಮಟ್ಟಿಗೋ ವಿಜಯಪುರಕ್ಕೋ ತರಿಸಿಕೊಳ್ಳಿ. ಕೊರಿಯರಿನಲ್ಲಿ ಬರುವ ದುರ್ಬೀನು ಎಷ್ಟು ಸಲ ಬಿದ್ದಿದೆ ಎಂದು ಯಾರೂ ಹೇಳುವುದಿಲ್ಲ. ಬೆಲೆಯ ವಿಷಯಕ್ಕೆ ನನ್ನದು ಒಂದೇ ಮಾತು: ಅದೇ ಅಳತೆಯ ಹೊಸದರ ಅರ್ಧ ಬೆಲೆ ದಾಟಬೇಡಿ.

ಸೂರ್ಯನ ಮಾತು ಹೇಳದೆ ಮುಗಿಸಲಾರೆ. ಹಳೆಯ ಪೆಟ್ಟಿಗೆಗಳಲ್ಲಿ ಕಪ್ಪನೆಯ ಚಿಕ್ಕ ಗಾಜೊಂದು ಸಿಗುತ್ತದೆ, ಐಪೀಸಿಗೆ ತಿರುಪುವಂಥದ್ದು, ಸೂರ್ಯನನ್ನು ನೋಡಲು ಎಂದು ಬರೆದಿರುತ್ತದೆ. ಅದನ್ನು ಮನೆಗೆ ತಂದ ದಿನವೇ ಸುತ್ತಿಗೆಯಿಂದ ಒಡೆದು ಎಸೆಯಿರಿ. ಕೊಳವೆ ಹಿಡಿದ ಬಿಸಿಲೆಲ್ಲ ಆ ಪುಟ್ಟ ಗಾಜಿನ ಹತ್ತಿರ ಒಂದುಗೂಡುತ್ತದೆ. ಅದು ಸೀಳಿದ ಕ್ಷಣದಲ್ಲಿ ಕಣ್ಣು ಹೋಗುತ್ತದೆ. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣ ಅಂಕೋಲಾದಿಂದ ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋದಾಗ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ನೋಡಿದರು. ನಮ್ಮ ಜನ ಬಾಗಿಲು ಹಾಕಿಕೊಂಡು ಕೂತರು. ಹೆದರಿ ಒಳಗೆ ಕೂರುವುದೂ ಬೇಡ, ತಿಳಿಯದೆ ಕಣ್ಣಿಡುವುದೂ ಬೇಡ. ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವ, ಇದಕ್ಕೆಂದೇ ಮಾಡಿದ ಸೌರ ಫಿಲ್ಟರ್ ಇದ್ದರೆ ಮಾತ್ರ ಸೂರ್ಯನ ಕಡೆ ತಿರುಗಿಸಿ. ಗುರಿ ಹಿಡಿಯುವ ಚಿಕ್ಕ ಕೊಳವೆಯನ್ನೂ ಮುಚ್ಚಿರಿ. ಮಕ್ಕಳಿರುವ ಮನೆಯಲ್ಲಿ ಹಗಲು ದುರ್ಬೀನನ್ನು ಅಂಗಳದಲ್ಲಿ ಬಿಡಬೇಡಿ.

ತಂದ ಮೇಲೆ ಬಳಸುವುದು ಸುಲಭ. ನೋಡುವ ಅರ್ಧ ಗಂಟೆ ಮೊದಲೇ ಹೊರಗಿಡಿ, ದರ್ಪಣ ಗಾಳಿಯ ತಂಪಿಗೆ ಬರಬೇಕು. ಹೊಳೆ ದಂಡೆಯ ಊರುಗಳಲ್ಲಿ ಚಳಿಗಾಲದ ಇಬ್ಬನಿ ಮಸೂರಕ್ಕೆ ಕೂರುತ್ತದೆ, ಕಪ್ಪು ಕಾಗದ ಸುತ್ತಿ ಮುಂದಕ್ಕೆ ಒಂದು ಗೇಣು ಕೊರಳು ಮಾಡಿ. ಚಂದ್ರನನ್ನು ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸು ನೋಡಿ, ಬೆಳಕು-ಕತ್ತಲೆ ಕೂಡುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಪುಷ್ಯದಲ್ಲಿ ಬರಿಗಣ್ಣಿಗೆ ಹೊಗೆಯಾಗಿ ಕಾಣುವುದು ದುರ್ಬೀನಿನಲ್ಲಿ ಹತ್ತಾರು ಚುಕ್ಕಿಗಳಾಗಿ ಬಿಡಿಸಿಕೊಳ್ಳುತ್ತದೆ.

ಇನ್ನು ನಮ್ಮ ದಕ್ಷಿಣ ದಿಕ್ಕು. ತಂಗಡಗಿಯಲ್ಲಿ ಹೊಳೆ ಊರಿನ ದಕ್ಷಿಣಕ್ಕಿದೆ, ನೀರಿನ ಮೇಲೆ ಮರವೂ ಇಲ್ಲ ಮನೆಯೂ ಇಲ್ಲ. ಮೇ ತಿಂಗಳ ನಡುವೆ, ಬೆಳದಿಂಗಳಿಲ್ಲದ ರಾತ್ರಿ ಹತ್ತರ ಸುಮಾರಿಗೆ ಆ ಕಡೆ ಮುಖ ಮಾಡಿ. ದಿಗಂತದಿಂದ 26 ಡಿಗ್ರಿಯಷ್ಟು ಮೇಲೆ, ಅಂದರೆ ಚಾಚಿದ ಕೈಯ ಒಂದು ಗೇಣಿಗಿಂತ ತುಸು ಹೆಚ್ಚು, ಮಸುಕಾದ ಒಂದು ಚುಕ್ಕಿ ಕಾಣುತ್ತದೆ. ಅದು ಒಮೆಗಾ ಸೆಂಟಾರಿ, ಸುಮಾರು 17,000 ಜ್ಯೋತಿರ್ವರ್ಷ ದೂರದ, ಲಕ್ಷಾಂತರ ನಕ್ಷತ್ರಗಳ ಗುಚ್ಛ. ಲಂಡನ್ನಿನಿಂದ ನೋಡಿದರೆ ಅದು ದಿಗಂತದ ಮೇಲೆ ಏಳುವುದೇ ಇಲ್ಲ. 25 ಮಿಲಿಮೀಟರಿನ ಐಪೀಸ್ ಹಾಕಿ. 114ರ ಕೊಳವೆಯಾದರೆ ಅಂಚಿನಲ್ಲಿ ಅದು ಪುಡಿಪುಡಿಯಾಗಿ ಬಿಡಿಸಿಕೊಳ್ಳತೊಡಗುತ್ತದೆ. ಆಗ ಐಪೀಸನ್ನು 10ಕ್ಕೆ ಬದಲಿಸಿ, ಮನೆಯವರನ್ನೂ ಓಣಿಯ ಮಕ್ಕಳನ್ನೂ ಮಾಳಿಗೆಗೆ ಕರೆಯಿರಿ.